ಉಡಿದಾರ ಇಲ್ಲದವಳ ಒರೆ

ಕತ್ತಿಯನ್ನು ನಾನು ಎತ್ತಿಕೊಂಡೆ. ಕದ್ದದ್ದಲ್ಲ, ಯಾರ ಕೈಯಿಂದ ಕಿತ್ತುಕೊಂಡದ್ದೂ ಅಲ್ಲ. ಗಂಡ ಅದನ್ನು ಅಂಗಳದ ನೆಲಕ್ಕಿಟ್ಟ, ನಾನು ಬಗ್ಗಿ ಎತ್ತಿಕೊಂಡೆ, ಅಷ್ಟೇ. ಅಂಜನಾಪುರದ ನಮ್ಮ ಹಟ್ಟಿಯಲ್ಲಿ ಇವತ್ತಿಗೂ ಈ ಮಾತನ್ನು ಬೇರೆ ಥರ ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ಅವರ್ಯಾರೂ ಆ ಅಂಗಳದಲ್ಲಿ ಇರಲಿಲ್ಲ.

ನಾವು ಕುರಿ ಸಾಕುವವರು. ನಮ್ಮಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುವ ಪದ್ಧತಿಯಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಹತ್ತುತ್ತದಂತೆ. ಕೊಡುವವರು ನೆಲಕ್ಕಿಟ್ಟು ಹಿಂದೆ ಸರಿಯಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಒಂದೊಂದು ಗಂಡಸಿಗೂ ತನ್ನದೇ ಕತ್ತಿ ಇರುತ್ತದೆ, ಆದರೆ ಮಂದೆಯ ಕತ್ತಿ ಬೇರೆ. ಅದು ಯಾರ ಮೈಮೇಲಿರುತ್ತದೋ ಅವರು ಮಂದೆಯ ಮುಂದೆ ನಡೆಯುತ್ತಾರೆ. ಎಲ್ಲಿ ಮೇಯಿಸಬೇಕು, ಯಾರ ಗದ್ದೆಯಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಬೇಕು, ಯಾವ ಕುರಿ ಮಾರಬೇಕು, ಎಲ್ಲಾ ಅವರ ಮಾತು. ಮಾವ ಸಾಯುವ ಮುಂಚೆ ಆ ಕತ್ತಿಯನ್ನು ನೆಲಕ್ಕಿಟ್ಟರು. ಹಿರಿಮಗ ಬಂಗಾರಪ್ಪ ಆಗ ಗಾಡಿ ಬಾಡಿಗೆ ಎಂದು ದಾವಣಗೆರೆ ಕಡೆ ಅಲೆಯುತ್ತಿದ್ದ. ಕಿರಿಯವನು ಎತ್ತಿಕೊಂಡ. ಆ ಕಿರಿಯವನೇ ನನ್ನ ಗಂಡ ಲೋಕಪ್ಪ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದಂತೆ. ಹೇಳಿದೆ, ಏನೂ ಆಗಲಿಲ್ಲ.

ನಯಾಪೈಸೆ ಬಂದ ವರ್ಷ ಅದು. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಗಂಡ ಸೊಪ್ಪು ಕಡಿಯಲು ಅತ್ತಿಮರ ಹತ್ತಿದ್ದ. ಗಂಡಸರು ಉಡಿದಾರಕ್ಕೆ ಮರದ ಕೊಕ್ಕೆ ಕಟ್ಟಿ, ಬೆನ್ನ ಹಿಂದೆ ಅದರಲ್ಲಿ ಕತ್ತಿ ಸಿಕ್ಕಿಸುತ್ತಾರೆ. ಅಲಗು ಬರಿಮೈಯಲ್ಲಿ ನೇತಾಡುತ್ತಿರುತ್ತದೆ. ಇಳಿಯುವಾಗ ಕೊನೆಯ ಆಳುದ್ದವನ್ನು ಇವನು ಜಿಗಿದ. ಇವನ ಜೊತೆ ಕತ್ತಿಯೂ ಕೊಕ್ಕೆಯಿಂದ ಜಿಗಿದು ಹಿಮ್ಮಡಿಯ ಮೇಲಿನ ನರವನ್ನು ಕತ್ತರಿಸಿತು. ಶಿಕಾರಿಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರು, ಮನೆ ಸುತ್ತ ಓಡಾಡಬಹುದು, ಮಂದೆಯ ಹಿಂದೆ ಊರೂರು ನಡೆಯುವುದು ಇನ್ನು ಆಗದು ಎಂದರು.

ಬಂಗಾರಪ್ಪ ಭಾವ ಮರುದಿನವೇ ಬಂದು ಜಗಲಿ ಮೇಲೆ ಕೂತ. ಅವನಿಗೆ ಮಂದೆ ಬೇಕಿದ್ದದ್ದು ಕಾಯುವುದಕ್ಕಲ್ಲ. ಅರವತ್ತು ಕುರಿ ಮಾರಿ ಅಕ್ಕಿ ಗಿರಣಿಯಲ್ಲಿ ಪಾಲು ಹಾಕಬೇಕೆಂದು ಎರಡು ವರ್ಷದಿಂದ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹಾಗಾದರೆ ನಾವು ಗಂಡ ಹೆಂಡತಿ ಅವನ ಮನೆಯ ಕೊಟ್ಟಿಗೆ ಬಳಿದುಕೊಂಡು ಬಿದ್ದಿರಬೇಕು. ಆ ಕುರಿಗಳಲ್ಲಿ ಅರ್ಧಕ್ಕರ್ಧ ನನ್ನ ಕೈಮೇಲೆ ಹುಟ್ಟಿದವು. 

ಅತ್ತೆ ವರದಮ್ಮ ಮಗನಿಗೆ ಕತ್ತಿ ಇಡು ಎಂದರು. ಗಂಡ ತಲೆ ತಗ್ಗಿಸಿ ಅದನ್ನು ನೆಲಕ್ಕಿಟ್ಟ. ಭಾವ ರುಮಾಲು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಮದುವಣಿಗನ ಹಾಗೆ ನಿಧಾನವಾಗಿ ಏಳುತ್ತಿದ್ದ. ಅಷ್ಟರಲ್ಲಿ ಕತ್ತಿ ನನ್ನ ಕೈಯಲ್ಲಿತ್ತು.

“ಇಡು ಕೆಳಗೆ,” ಎಂದ ಭಾವ.

“ಎತ್ಕಂಡೋರ್ದು ಅಂತ ನೀವೇ ಅಲ್ಲೇನ್ರೀ ಹೇಳಾದು?”

“ಎತ್ಕಂಡ್ರಾತೇನು? ಹೆಣ್ಣಿಗೆ ಉಡಿದಾರ ಐತೇನು? ಉಡಿದಾರ ಇಲ್ದಾಕಿ ಕತ್ತಿ ಎಲ್ಲಿ ಸಿಗಸ್ತಾಳ?”

“ಕೈಯಾಗ ಹಿಡ್ಕಂತೀನಿ.”

“ಮುದ್ದಿ ತೊಳಸೂವಾಗ? ಮರಿ ಎತ್ಕಳ್ಳೂವಾಗ? ಆಗ ಎಲ್ಲಿಡ್ತಿ?” ಎಂದು ಅವನು ನಕ್ಕ. “ನೆಲಕ್ಕಿಡ್ತಿ. ಆಗ ನಾ ಎತ್ಕಂತೀನಿ.”

ಅತ್ತೆ ಎಲೆಯಡಿಕೆ ಉಗಿದು ಬಂದು ತೀರ್ಮಾನ ಹೇಳಿದರು. “ಅವ ಹೇಳೂದ್ರಾಗ ನ್ಯಾಯ ಐತಿ. ಹಾಲಮ್ಮ, ಸುಗ್ಗಿ ಮುಗಿದ ಮ್ಯಾಲೆ ಮಂದೆ ಸೊರಬದ ಕಡೆ ಹೊಂಡ್ತೈತಿ. ನೀ ಮುಂದ ಹೋಗು, ಬಂಗಾರಪ್ಪ ಹಿಂದ ಬರ್ಲಿ. ಯುಗಾದಿಗೆ ತಿರುಗಿ ಬರೂತನಕ ಆ ಕತ್ತಿ ಒಂದ್ಸಲನೂ ನೆಲ ಮುಟ್ಟಬಾರ್ದು. ಮುಟ್ಟಿದ್ರ ಅವಂದು. ಮುಟ್ಟದಿದ್ರ ನಿಂದು. ಆಮ್ಯಾಲೆ ಯಾರೂ ಬಾಯಿ ಮಾಡಂಗಿಲ್ಲ.”

ಸುಗ್ಗಿ ಮುಗಿಯಲು ಇನ್ನೂ ಎಂಟು ವಾರವಿತ್ತು. ಮೊದಲ ವಾರ ನಾನು ಪಟ್ಟ ಪಾಡು ನನಗೇ ಗೊತ್ತು. ಸೊಂಟದಲ್ಲಿ ಸೀರೆಯೊಳಗೆ ಸಿಕ್ಕಿಸಿಕೊಂಡೆ. ಎರಡು ಸೀರೆ ಸೀಳಿದವು, ಹೊಟ್ಟೆಯ ಪಕ್ಕ ಒಂದು ಗೀರು ಬಿತ್ತು. ಸೆರಗಲ್ಲಿ ಸುತ್ತಿ ಕಟ್ಟಿದೆ. ಬೇಕಾದಾಗ ಗಂಟು ಬಿಚ್ಚಿ ತೆಗೆಯುವಷ್ಟರಲ್ಲಿ ಕೆಲಸವೇ ಮುಗಿದಿರುತ್ತಿತ್ತು. ಶಿಕಾರಿಪುರಕ್ಕೆ ಹೋಗಿ ಚರ್ಮದ ಒರೆ ಮಾಡಿಕೊಡುತ್ತೀಯಾ ಎಂದು ಕೇಳಿದರೆ, ಚಮ್ಮಾರ ಹೇಳಿದ ಬೆಲೆಗೆ ಒಂದು ಮರಿ ಬರುತ್ತಿತ್ತು. ಮೇಲಾಗಿ ಶಿವರಾತ್ರಿಯ ತನಕ ಅವನಿಗೆ ಕೈತುಂಬ ಕೆಲಸವಂತೆ.

ಸಿಟ್ಟಿನಲ್ಲಿ ಸಂತೆಯ ದಾರಿಯಲ್ಲಿ ಬರುತ್ತಿದ್ದೆ. ಒಬ್ಬ ಗೋಣಿತಾಟು ಹಾಸಿ ಮಿಲಿಟರಿಯವರು ಬಿಸಾಕಿದ ಸಾಮಾನು ರಾಶಿ ಹಾಕಿಕೊಂಡು ಕೂತಿದ್ದ. ತೂತುಬಿದ್ದ ನೀರಿನ ಬಾಟಲಿ, ಒಂಟಿ ಬೂಟು, ಹಸಿರು ಪಟ್ಟಿಗಳು. ಆ ರಾಶಿಯಲ್ಲಿ ಉದ್ದನೆಯ ಹಸಿರು ಚೀಲಗಳಿದ್ದವು, ಮೊಳಕ್ಕಿಂತ ಸ್ವಲ್ಪ ಕಡಿಮೆ. ಟಾರ್ಚಿಗೆ ಮಾಡಿದ್ದೋ, ಇನ್ನೇನಕ್ಕೆ ಮಾಡಿದ್ದೋ, ಅವನಿಗೂ ಗೊತ್ತಿರಲಿಲ್ಲ.

“ನೈಲಾನ್ ಕಣವ್ವ ಇದು. ಇಮಾನದಿಂದ ಹಾರ್ಕಳ್ಳೋ ಕೊಡೆ ಐತಲ್ಲ, ಅದರ ಜಾತಿ. ಮಳೇಲಿ ಕೊಳೆಯಲ್ಲ, ಇಲಿ ತಿನ್ನಲ್ಲ. ಎಂಟಾಣೆ ಕೊಡು.”

ಪಟ್ಟಿಯನ್ನೂ ಸೇರಿಸಿ ಎಂಟಾಣೆ ಎಂದೆ. ಅವನು ಗೊಣಗಿದ. ನಾನು ಹೋಗಲಿಲ್ಲ, ನಿಂತೇ ಇದ್ದೆ. ಕೊಟ್ಟ.

ಮನೆಗೆ ತಂದರೆ ಭಾವ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. “ಯಾವ ಪ್ರಾಣಿ ಚರ್ಮ ಇದು? ನಾಯಿದೋ, ಹಂದಿದೋ? ಇದನ್ನ ಮೈಮ್ಯಾಲೆ ಹಾಕ್ಕಂಡು ಕುರಿ ನಡುವೆ ಹೋದ್ರ ಕುರಿ ನಿಲ್ತಾವೇನು?”

ಅತ್ತೆಗೂ ಅನುಮಾನ ಹೊಕ್ಕಿತು. ಕಂಬಳಿ ಕೊಳ್ಳುವಾಗ ನಾವು ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತೇವೆ. ಉಣ್ಣೆಯಾದರೆ ಕೂದಲು ಸುಟ್ಟ ನಾತ ಬರುತ್ತದೆ, ಹತ್ತಿ ಬೆರೆಸಿದ್ದರೆ ಬೂದಿಯಾಗುತ್ತದೆ. ಅತ್ತೆ ಚೀಲದಿಂದ ಒಂದು ಎಳೆ ಎಳೆದು ಒಲೆಯ ಕೊಳ್ಳಿಗೆ ಹಿಡಿದರು. ಕೂದಲ ನಾತವೂ ಇಲ್ಲ, ಬೂದಿಯೂ ಇಲ್ಲ. ಅದು ಮುದುಡಿ, ಕರಗಿ, ಸಾಸಿವೆಕಾಳಿನಂಥ ಗಟ್ಟಿ ಗುಂಡಾಗಿ ಕೂತಿತು. ಅತ್ತೆ ಅದನ್ನು ಹಲ್ಲಲ್ಲಿ ಕಚ್ಚಿ ನೋಡಿದರು.

“ಚರ್ಮ ಅಲ್ಲ,” ಎಂದರು. “ಉಣ್ಣೆನೂ ಅಲ್ಲ, ಹತ್ತಿನೂ ಅಲ್ಲ. ಏನೋ ಒಂದು. ಇರ್ಲಿ ಬಿಡು.”

ಭಾವ ಎದ್ದು ಹೊರಗೆ ಹೋದ. ನನಗೆ ಅದರಿಂದ ಸಿಕ್ಕಿದ್ದು ಬೇರೊಂದು ಉಪಾಯ. ಈ ನೈಲಾನಿಗೆ ಸೂಜಿ ಚುಚ್ಚಿದರೆ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು, ಹೊಲಿಗೆ ನಿಲ್ಲುತ್ತಲೇ ಇರಲಿಲ್ಲ. ಈಗ ದಬ್ಬಣವನ್ನು ಕೆಂಡದಲ್ಲಿ ಕಾಯಿಸಿ ಚುಚ್ಚಿದೆ. ತೂತಿನ ಅಂಚು ಕರಗಿ, ಅಲ್ಲೇ ಗಟ್ಟಿಯಾಗಿ, ಹಿತ್ತಾಳೆ ಉಂಗುರ ಹಾಕಿದಂತಾಯಿತು. ಕತ್ತರಿಸಿದ ತುದಿಗಳನ್ನೂ ಹಾಗೇ ಸುಟ್ಟೆ. ಇನ್ನು ಎಷ್ಟು ಎಳೆದರೂ ಒಂದು ಎಳೆ ಬಿಚ್ಚಲಿಲ್ಲ.

ಆದರೂ ಒರೆ ಒರೆಯಾಗಲಿಲ್ಲ. ಚೀಲ ಮೆತ್ತಗೆ ಜೋಲುತ್ತಿತ್ತು. ಕತ್ತಿ ಹಾಕಿ ನಾಲ್ಕು ಹೆಜ್ಜೆ ಹಾಕಿದೆನೋ ಇಲ್ಲವೋ, ಮೊನೆ ತಳವನ್ನು ತೂರಿ ಬಂದು ತೊಡೆಗೆ ಚುಚ್ಚಿತು. ತಳವನ್ನು ಎರಡು ಮಡಿಕೆ ಮಾಡಿದರೆ ಅಲಗು ಪಕ್ಕದ ಹೊಲಿಗೆಯನ್ನೇ ಕೊಯ್ದಿತು. ಅಂಗಳದಲ್ಲಿ ಎಲ್ಲವನ್ನೂ ಎಸೆದು, ಮಿಲಿಟರಿಯವರಿಗೂ ಸಂತೆಯವನಿಗೂ ಬಾಯಿಗೆ ಬಂದಂತೆ ಬೈದೆ. ಕತ್ತಿಯನ್ನು ಮಾತ್ರ ಎಸೆಯಲಿಲ್ಲ.

ಅಲ್ಲಿಯವರೆಗೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ ಗಂಡ ಆವತ್ತು ಎದ್ದು ಕೂತ. “ಬಿದಿರಿನ ದಬ್ಬೆ ತಾ ಇಲ್ಲಿ,” ಎಂದ. ಕಾಲು ಚಾಚಿಕೊಂಡು ಕೂತು ಎರಡು ದಬ್ಬೆಗಳನ್ನು ಎಲೆಯಷ್ಟು ತೆಳ್ಳಗೆ ಹೆರೆದ. ಅಲಗಿನ ಅಳತೆಗೆ ಒಳಗೆ ಗೀರಿದ, ಒಂದರ ಮೇಲೊಂದು ಕೂಡಿಸಿ ದಾರ ಸುತ್ತಿದ. ಅದನ್ನು ಚೀಲದೊಳಗೆ ಇಳಿಸಿದರೆ ಹೇಳಿ ಮಾಡಿಸಿದ ಹಾಗೆ ಕೂತಿತು. ಬಾಯಿಯ ಹತ್ತಿರ ನಾನು ಹಳೆ ಕಂಬಳಿಯ ಒಂದು ಪಟ್ಟಿ ಹೊಲಿದೆ. ಕರಿಕುರಿಯ ಉಣ್ಣೆಯಲ್ಲಿ ಜಿಡ್ಡಿರುತ್ತದಲ್ಲ, ಕತ್ತಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅಲಗನ್ನು ಒರೆಸಿ ಎಣ್ಣೆ ಹಚ್ಚಿದಂತಾಗುತ್ತಿತ್ತು. ತಲೆಕೆಳಗು ಮಾಡಿ ಕೊಡವಿದರೂ ಕಂಬಳಿ ಹಿಡಿದ ಹಿಡಿತಕ್ಕೆ ಕತ್ತಿ ಬೀಳುತ್ತಿರಲಿಲ್ಲ. ನೀರು ಹೊಕ್ಕರೆ ಹೊರಗೆ ಹೋಗಲೆಂದು ತಳಕ್ಕೆ ಕಾದ ದಬ್ಬಣದಿಂದ ಒಂದು ತೂತು. ಹಸಿರು ಪಟ್ಟಿಯನ್ನು ಬಲಭುಜದಿಂದ ಎಡಗಂಕುಳಿಗೆ ಹಾಯಿಸಿದೆ. ಉಡಿದಾರದ ಮಾತೇ ಬರಲಿಲ್ಲ.

“ಹೆಂಗೈತಿ?” ಎಂದೆ.

“ಇದು ನನಗಿದ್ದಿದ್ರ ಕಾಲು ಉಳೀತಿತ್ತು,” ಎಂದ ಗಂಡ. ನನಗೆ ಅಳು ಬಂತು. ಅವನೂ ಅತ್ತ.

ಜನವರಿಯಲ್ಲಿ ಹೊರಟೆವು. ನಾನು ಮುಂದೆ, ನಡುವೆ ಅರವತ್ತು ಕುರಿ, ಹಿಂದೆ ಭಾವ. ಅವನು ಸುಮ್ಮನೆ ಬರುವ ಆಸಾಮಿಯೇ ಅಲ್ಲ. ಮೊದಲನೇ ದಿನವೇ ಸೌತೆಕಾಯಿ ಹಿಡಿದುಕೊಂಡು ಬಂದು, ನನ್ನ ಕತ್ತಿ ಮೊಂಡಾಗೈತಿ, ನಿಂದು ಇಡು, ಹೆಚ್ಚಿ ಕೊಡ್ತೀನಿ ಎಂದ. ಕತ್ತಿ ತೆಗೆದು ನಾನೇ ಹೆಚ್ಚಿದೆ, ಉಪ್ಪು ಹಚ್ಚಿ ಅವನ ಕೈಗೆ ಕೊಟ್ಟೆ. ಹಳ್ಳದಲ್ಲಿ ಸ್ನಾನಕ್ಕೆ ಇಳಿದರೆ ದಡದ ಮೇಲೆ ಬೆನ್ನು ತಿರುಗಿಸಿ ಕೂತು, ಒರೆ ಬಿಚ್ಚಿ ಇಡುತ್ತೇನೇನೋ ಎಂದು ಕಿವಿಗೊಟ್ಟು ಕಾಯುತ್ತಿದ್ದ. ಒರೆಯ ಸಮೇತ ಮುಳುಗಿ ಎದ್ದೆ. ನೈಲಾನು ನನಗಿಂತ ಮೊದಲು ಒಣಗಿತು. ಮಲಗುವಾಗಲೂ ಅದು ಎದೆಯ ಮೇಲೆ ಮಗುವಿನ ಹಾಗೆ ಬಿದ್ದಿರುತ್ತಿತ್ತು.

ಸೊರಬ ಸೀಮೆಯ ಉಳವಿಯಲ್ಲಿ ಮಹೇಶ್ವರಪ್ಪನವರ ಗದ್ದೆಯಲ್ಲಿ ಐದು ದಿನ ಮಂದೆ ನಿಲ್ಲಿಸಿದೆವು. ಅವರು ವರ್ಷವರ್ಷವೂ ನಮ್ಮ ಮಂದೆಗೇ ಕಾಯುವವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇದೆಂಥದೇ ಮಾರಾಯ್ತಿ, ಪೊಲೀಸಿನವ್ರ ಪಟ್ಟಿ ಇದ್ದಂಗದೆ,” ಎಂದರು.

“ಪೊಲೀಸ್ನೋರು ಕೋಲು ಹಿಡ್ಕಂಡು ತಿರುಗ್ತಾರ್ರೀ. ನಾ ಕೆಲಸ ಮಾಡ್ತೀನಿ.”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವ ಮಾತ್ರ ನಗಲಿಲ್ಲ.

ಉಳವಿ ಬಿಟ್ಟು ಕುಪ್ಪಗಡ್ಡೆಯ ಕಡೆ ತಿರುಗಿದ ಎರಡನೇ ದಿನ, ಬೆಳಿಗ್ಗೆ ಒಂದು ಹಳ್ಳ ದಾಟಬೇಕಿತ್ತು. ದಾಟುವ ಜಾಗ ಮೇಲುಗಡೆ, ಮೊಣಕಾಲುದ್ದ ನೀರು. ಕುರಿಗಳನ್ನು ದಾಟಿಸಿಕೊಂಡು, ದಡ ಹಿಡಿದು ಕೆಳಗೆ ಬರುತ್ತಿದ್ದೆ. ಆಚೆ ದಡದಲ್ಲಿ ಭಾವ ಕೂಗುವುದು ಕೇಳಿಸಿತು. ತಿರುಗಿ ನೋಡಿದರೆ ಚುಕ್ಕಿ.

ಚುಕ್ಕಿ ಎಂದರೆ ನಮ್ಮ ಮಂದೆಯ ಹೆಗ್ಗುರಿ, ಮೂಗಿನ ಮೇಲೆ ಬಿಳಿ ಬೊಟ್ಟಿನವಳು. ತಿಂಗಳೊಳಗೆ ಈಯಬೇಕಿತ್ತು. ಹಿಂದೆ ಉಳಿದು, ದಡದ ಬಿದಿರು ಮೆಳೆಗೆ ಬಾಯಿ ಹಾಕಲು ಹೋಗಿ ಜಾರಿದ್ದಳು. ಮೆಳೆಗೆ ಹಬ್ಬಿದ್ದ ಕಾಡುಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು, ಹಿಂದಿನ ಕಾಲು ನೆಲಕ್ಕೆ ತಾಗದೆ ದಡದಿಂದ ನೇತಾಡುತ್ತಿದ್ದಳು. ಭಾವ ಮೆಳೆಯೊಳಗೆ ನುಗ್ಗಿ ಅವಳನ್ನು ಹಿಡಿದಿದ್ದ, ಮೇಲೆತ್ತಲು ಆಗುತ್ತಿರಲಿಲ್ಲ. ಬೆನ್ನ ಹಿಂದೆ ಕೈ ಹಾಕಿದ. ಕೊಕ್ಕೆ ಖಾಲಿ. ನುಗ್ಗುವಾಗ ಅವನ ಕತ್ತಿ ಎಲ್ಲೋ ಕಳಚಿ ಬಿದ್ದಿತ್ತು.

“ಹಾಲಮ್ಮ, ಕತ್ತಿ ಎಸಿ ಇತ್ಲಾಗೆ,” ಎಂದು ಕೂಗಿದ. “ಲಗೂನ ಎಸಿ, ಸಾಯಾಕ್ಹತ್ತೈತಿ.”

ನಡುವೆ ಹತ್ತು ಮಾರು. ಎಸೆದಿದ್ದರೆ ಅವನ ಕಾಲ ಬುಡಕ್ಕೆ ಹೋಗಿ ಬೀಳುತ್ತಿತ್ತು. ಬಿದ್ದದ್ದನ್ನು ಅವನು ಎತ್ತಿಕೊಳ್ಳುತ್ತಿದ್ದ. ಆ ಗಳಿಗೆಯಲ್ಲಿ ಅವನಿಗೆ ಯಜಮಾನಿಕೆ ನೆನಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇರಲಿಲ್ಲ ಅಂತಲೇ ಅನಿಸುತ್ತದೆ. ನನಗೆ ಮಾತ್ರ ನೆನಪಿತ್ತು. ಕೈ ಒರೆಯ ಮೇಲೆ ಹೋಯಿತು, ಅಲ್ಲೇ ನಿಂತಿತು, ವಾಪಸು ಬಂತು.

ದಾಟುವ ಜಾಗಕ್ಕೆ ಸುತ್ತಿ ಹೋಗುವಷ್ಟು ಹೊತ್ತಿರಲಿಲ್ಲ. ನಿಂತಲ್ಲಿಂದಲೇ ನೀರಿಗೆ ಇಳಿದೆ. ಎದೆಮಟ್ಟ ಬಂತು, ಒಂದು ಕಡೆ ಕಾಲೇ ಸಿಗಲಿಲ್ಲ. ಎರಡೂ ಕೈಯಲ್ಲಿ ನೀರು ಬಡಿದು ಆಚೆ ಮುಟ್ಟಿದೆ. ದಡ ಜೇಡಿಮಣ್ಣಿನದು, ಹಿಡಿದರೆ ಕಿತ್ತು ಬರುತ್ತಿತ್ತು. ಬೇರು ಹಿಡಿದು, ಬಿದಿರು ಹಿಡಿದು, ಎರಡು ಸಲ ಜಾರಿ ಮೂರನೇ ಸಲಕ್ಕೆ ಹತ್ತಿದೆ. ಕತ್ತಿ ಇದ್ದ ಜಾಗದಲ್ಲೇ ಇತ್ತು. ಒಂದೇ ಏಟಿಗೆ ಬಳ್ಳಿ ಕಡಿದೆ.

ಚುಕ್ಕಿ ಭಾವನ ತೋಳಿನ ಮೇಲೆ ಬಿದ್ದಳು. ಕತ್ತಿಯನ್ನು ಬಲಗೈಯಲ್ಲಿ ಹಿಡಿದುಕೊಂಡೇ ಮೂಗಿಗೆ ಊದಿದೆ, ಎಡಗೈಯಲ್ಲಿ ಪಕ್ಕೆ ಉಜ್ಜಿದೆ, ನಾಲಗೆ ಎಳೆದೆ. ಏನೂ ಇಲ್ಲ. ಹೊಟ್ಟೆಯೊಳಗೆ ಮರಿ ಎರಡು ಸಲ ಮಿಸುಕಿ, ಅದೂ ಸುಮ್ಮನಾಯಿತು.

ಭಾವ ಅವಳನ್ನು ಕೆಳಗೆ ಮಲಗಿಸಿದ. ಅವನ ಕೈಗಳು ಬಳ್ಳಿ ಎಳೆದು ಎಳೆದು ರಕ್ತವಾಗಿದ್ದವು. 

“ಎಸೆದಿದ್ರ ಉಳೀತಿತ್ತು,” ಎಂದ.

“ಹೌದು.”

“ನಿನ್ನ ಹಠಕ್ಕ ಸತ್ತದ್ದು ಇದು.”

“ಹೌದು. ನಾನೇ ಕೊಂದೆ.”

ನನಗೆ ಅಳು ತಡೆಯಲಾಗಲಿಲ್ಲ. ಅವಳು ಹುಟ್ಟಿದ ದಿನ ಕಾಲು ಮುಂದಾಗಿ ಬಂದಿದ್ದಳು, ನಾನೇ ಕೈ ಹಾಕಿ ತೆಗೆದಿದ್ದೆ. ಅವಳ ಕಿವಿ ಹಿಡಿದುಕೊಂಡು ಕೂತು ಬಾಯಿಬಿಟ್ಟು ಅತ್ತೆ. ಸುಳ್ಳು ಏಕೆ, ಎಸೆಯಬೇಕಿತ್ತು ಎಂದೂ ಅನಿಸಿತು. ಭಾವ ನನ್ನ ಅಳು ಇಳಿಯುವ ತನಕ ಕಾದ. ಆಮೇಲೆ ಮೆಲ್ಲಗೆ, ಬೈಗುಳವಿಲ್ಲದೆ, ಒಳ್ಳೆಯ ಮಾತಿನಲ್ಲೇ ಹೇಳಿದ.

“ಇನ್ನಾರ ಕೆಳಗಿಡವ್ವ ಅದನ್ನ. ಒಂದು ಜೀವ ಹೋತು. ಸಾಕು.”

ಆ ಒಳ್ಳೆಯ ಮಾತಿಗೇ ನನ್ನ ಮೈ ಉರಿದುಹೋಯಿತು. ಅಳು ಅಲ್ಲೇ ನಿಂತಿತು.

“ಭಾವ, ನಿಮ್ಮಪ್ಪ ಕುಮದ್ವತಿ ಹೊಳಿ ದಾಟಿಸೂವಾಗ ಒಂದೇ ದಿನ ಒಂಬತ್ತು ಕುರಿ ನೀರಿಗೆ ಕೊಟ್ರು. ಕುಡಿದಿದ್ರು ಆವತ್ತು, ನೀವೇ ಹೇಳಿದ್ದು. ನಿಮ್ಮ ತಮ್ಮ ನಿದ್ದಿ ಮಾಡಿ ತೋಳಕ್ಕ ನಾಕು ಮರಿ ಕೊಟ್ಟ. ಆಗ ಯಾರು ಬಂದು ಕತ್ತಿ ಕೆಳಗಿಡು ಅಂದ್ರು? ಯಾರಾರ ಒಬ್ರು ಅಂದ್ರೇನು?”

ಅವನು ಚುಕ್ಕಿಯ ಕುತ್ತಿಗೆಯ ಬಳ್ಳಿ ಬಿಡಿಸತೊಡಗಿದ.

“ಅವರು ಕಳಕಂಡ್ರ ಮಂದಿ ಬಂದು ಸಮಾಧಾನ ಹೇಳಿದ್ರು. ನಾ ಒಂದು ಕಳಕಂಡೆ. ನನ್ನ ಕುರಿ, ನನ್ನ ತಪ್ಪು, ನಾ ಸಾಯೂತನಕ ಅಳ್ತೀನಿ. ಕತ್ತಿ ಮಾತ್ರ ಇಡಂಗಿಲ್ಲ. ನೀವು ಕೇಳಿದ್ರೂ ಇಡಂಗಿಲ್ಲ, ಅತ್ತಿ ಕೇಳಿದ್ರೂ ಇಡಂಗಿಲ್ಲ. ಮಂದೆ ಎಲ್ಲಾ ಸತ್ತು ಒಂದೇ ಕುರಿ ಉಳಿದ್ರೂ ಆ ಒಂದ್ರ ಮುಂದ ನಾನೇ ನಡೀತೀನಿ.”

ಕತ್ತಿಯ ಅಲಗನ್ನು ಸೆರಗಿಗೆ ಒರೆಸಿ ಒರೆಗೆ ಹಾಕಿದೆ. ಮೊದಲ ಸಲಕ್ಕೆ ಹೋಗಲಿಲ್ಲ, ಎರಡನೇ ಸಲಕ್ಕೆ ಹೋಯಿತು.

ಚುಕ್ಕಿಯನ್ನು ಮೆಳೆಯ ಪಕ್ಕದಲ್ಲೇ ಹೂಳಿದೆವು. ಮಾಂಸ ಮಾರಿದರೆ ನಾಲ್ಕು ಕಾಸಾಗುತ್ತಿತ್ತು. ಭಾವ ಆ ಮಾತೆತ್ತಲಿಲ್ಲ, ಎತ್ತಿದ್ದರೆ ಏನಾಗುತ್ತಿತ್ತೋ. ಅವನು ಕೈಯಲ್ಲೇ ಮಣ್ಣು ಬಗೆದ, ನಾನೂ ಕೈಯಲ್ಲೇ ಬಗೆದೆ. ಅವನ ಕತ್ತಿ ಕಡೆಗೂ ಸಿಗಲಿಲ್ಲ. ಮೇಲುಗಡೆ ಸುತ್ತಿ ಹಳ್ಳ ದಾಟಿ ಕುರಿಗಳ ಹತ್ತಿರ ಬಂದಾಗ ಬಿಸಿಲು ಏರಿತ್ತು. ಐವತ್ತೊಂಬತ್ತೂ ಒಂದೇ ಕಡೆ ಗುಂಪಾಗಿ ನಿಂತು ನಮ್ಮನ್ನೇ ನೋಡುತ್ತಿದ್ದವು.

ಮುಂದೆ ದಾರಿ ಎರಡಾಗಿ ಒಡೆದಿತ್ತು. ಭಾವನಿಗೆ ಈ ದಾರಿ ನನಗಿಂತ ಚೆನ್ನಾಗಿ ಗೊತ್ತು, ಹತ್ತು ವರ್ಷ ಈ ಕಡೆಯೂ ಗಾಡಿ ಹೊಡೆದವನು. ಅವನು ಕುರಿಗಳ ಹಿಂದೆ ಹೋಗಿ ನಿಂತ, ಕೋಲು ಊರಿದ, ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. 

“ಹಾಲಮ್ಮ,” ಎಂದ, “ಯಾವ ದಾರಿ ಹಿಡಿಯೂದು?”